ಓದುಗರ ಪ್ರಶ್ನೆ: ಟ್ರಿಪಿಲಿಯಾ ಎಂಬ ಹಳ್ಳಿ ಈಗಲೂ ಇದೆಯೇ?

ಪ್ರಶ್ನೆ: ಪ್ರಾಚೀನ ಯುರೋಪನ್ನು ಕುರಿತ ಲೇಖನವೊಂದರಲ್ಲಿ ‘ಟ್ರಿಪಿಲಿಯಾ ಸಂಸ್ಕೃತಿ’ಯ ಪ್ರಸ್ತಾಪವಿತ್ತು. ಅದು ಉಕ್ರೇನಿನ ನದಿದಂಡೆಯ ಹಳ್ಳಿಯೊಂದರ ಹೆಸರಂತೆ. ಆ ಹಳ್ಳಿ ಈಗಲೂ ಇದೆಯೇ? ಅಲ್ಲಿರುವವರು ಆ ಪುರಾತನರ ವಂಶಸ್ಥರೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹಳ್ಳಿ ಇದೆ. ಕೀವ್ ನಗರದ ದಕ್ಷಿಣಕ್ಕೆ ಒಂದು ಗಂಟೆಯ ಹಾದಿಯಲ್ಲಿ, ದ್ನೀಪರ್ ನದಿಯ ಬಲದಂಡೆಯ ಗುಡ್ಡಗಳ ಮಗ್ಗುಲಲ್ಲಿದೆ. ಆದರೆ ಇಂದಿನ ನಿವಾಸಿಗಳನ್ನು ಆ ಪುರಾತನರ ನೇರ ವಂಶಸ್ಥರೆನ್ನಲು ಆಧಾರವಿಲ್ಲ. ಉಕ್ರೇನಿನಲ್ಲಿ ಹಾಗೆ ಹೆಮ್ಮೆಪಡುವವರಿದ್ದಾರೆ. ಇತಿಹಾಸ ಮಾತ್ರ ಅಷ್ಟು ಸರಳವಾಗಿಲ್ಲ.

ಈ ಹೆಸರನ್ನು ಜಗತ್ತಿಗೆ ತಿಳಿಸಿದವರು ಬೊಹೀಮಿಯಾದಲ್ಲಿ (ಇಂದಿನ ಚೆಕ್ ದೇಶ) ಹುಟ್ಟಿ ಕೀವ್‌ನಲ್ಲಿ ನೆಲೆಸಿದ್ದ ವಿಕೆಂಟಿ ಖ್ವೊಯ್ಕಾ. ಪುರಾತತ್ತ್ವದಲ್ಲಿ ಅವರದು ಸ್ವಂತ ಕಲಿಕೆ. 1890ರ ದಶಕದಲ್ಲಿ ಅವರು ಕೀವ್‌ನಲ್ಲಿಯೂ ಟ್ರಿಪಿಲಿಯಾದ ಸುತ್ತಮುತ್ತಲೂ ಅಗೆದಾಗ, ಬೆಂದು ಇಟ್ಟಿಗೆಯಂತಾದ ಜೇಡಿಮಣ್ಣಿನ ಹಾಸುಗಳು, ಅವುಗಳ ಮೇಲೆ ಸುರುಳಿ ಚಿತ್ತಾರದ ಮಡಕೆಗಳು ಹಾಗೂ ಮಣ್ಣಿನ ಸ್ತ್ರೀಮೂರ್ತಿಗಳು ದೊರೆತವು. 1899ರಲ್ಲಿ ಕೀವ್‌ನಲ್ಲಿ ನಡೆದ ಪುರಾತತ್ತ್ವ ಸಮ್ಮೇಳನದಲ್ಲಿ ಅವರು ಈ ಶೋಧವನ್ನು ಮಂಡಿಸಿದರು. ಆ ಹಾಸುಗಳು ಮೃತರಿಗಾಗಿ ಕಟ್ಟಿದ ಮನೆಗಳು ಎಂಬುದು ಅವರ ಊಹೆಯಾಗಿತ್ತು. 1930ರ ದಶಕದಲ್ಲಿ ಪಕ್ಕದ ಖಲೆಪ್ಯಾ ಗ್ರಾಮದ ಬಳಿ ತೆಟಿಯಾನಾ ಪಾಸೆಕ್ ನಡೆಸಿದ ಉತ್ಖನನದಲ್ಲಿ, ವೃತ್ತಾಕಾರವಾಗಿ ಜೋಡಿಸಿದ ಮನೆಗಳ ಇಡೀ ಹಟ್ಟಿಯೇ ಬೆಳಕಿಗೆ ಬಂದು, ಇವು ಬದುಕಿದ್ದವರು ವಾಸಿಸಿದ ಮನೆಗಳೆಂಬುದು ಖಚಿತವಾಯಿತು. ಮರದ ಚೌಕಟ್ಟಿಗೆ ಮಣ್ಣು ಮೆತ್ತಿ ಕಟ್ಟಿದ್ದ ಆ ಮನೆಗಳು ಸುಟ್ಟುಹೋದಾಗ ಗೋಡೆಯ ಮಣ್ಣೂ ನೆಲದ ಮಣ್ಣೂ ಬೆಂದು ಗಟ್ಟಿಯಾದವು. ಒಳಗಿದ್ದ ಕಟ್ಟಿಗೆಯ ಅಚ್ಚು ಆ ಹೆಂಟೆಗಳ ಮೇಲೆ ಇಂದಿಗೂ ಕಾಣುತ್ತದೆ. ಮನೆಗಳನ್ನು ಬೇಕೆಂದೇ ಸುಡುತ್ತಿದ್ದರೇ ಎಂಬ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ.

ಆ ಮನೆಗಳಲ್ಲಿ ಬಾಳಿದವರು ಬೇಸಾಯಗಾರರು. ಅವರ ಕಾಲ ಸ್ಥೂಲವಾಗಿ ಕ್ರಿ.ಪೂ. 5000ದಿಂದ 3000ದವರೆಗೆ. ಪ್ರಾಚೀನ ಡಿಎನ್‌ಎ ಅಧ್ಯಯನಗಳ ಪ್ರಕಾರ ಇವರ ಪೂರ್ವಜರಲ್ಲಿ ಬಹುಪಾಲು ಅನಾತೋಲಿಯಾ (ಇಂದಿನ ಟರ್ಕಿ) ಮೂಲದ ಕೃಷಿಕರು. ಆನಂತರ ಹುಲ್ಲುಗಾವಲಿನ ಪಶುಪಾಲಕರು ಬಂದರು, ಬಹುಕಾಲದ ಬಳಿಕ ಸ್ಲಾವರು ನೆಲೆಸಿದರು. ಆದ್ದರಿಂದ ಹಳ್ಳಿಯ ಹೆಸರು ಸಂಸ್ಕೃತಿಗೆ ಬಂದಿದೆಯೇ ಹೊರತು, ಆ ಪುರಾತನರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೆಂಬುದನ್ನು ತಿಳಿಯುವ ದಾರಿಯೇ ಇಲ್ಲ.

ಬರಹದಲ್ಲಿ ಈ ಊರು ಕಾಣಿಸುವುದು 1093ರಲ್ಲಿ, ಅದೂ ಸೋಲಿನ ಕಥೆಯೊಂದಿಗೆ. ಹುಲ್ಲುಗಾವಲಿನ ಅಲೆಮಾರಿಗಳಾದ ಪೊಲೊವ್ಟ್ಸಿಯರನ್ನು ಎದುರಿಸಲು ಬಂದ ಕೀವ್‌ನ ಅರಸ ಸ್ವ್ಯಾತೊಪೊಲ್ಕ್, ರಾಜಕುಮಾರ ವೊಲೊದಿಮಿರ್ ಮೊನೊಮಾಖ್ ಮತ್ತು ಅವನ ತಮ್ಮ ರೊಸ್ಟಿಸ್ಲಾವ್ ಇಲ್ಲಿ ತುಂಬಿ ಹರಿಯುತ್ತಿದ್ದ ಸ್ಟುಹ್ನಾ ನದಿಯನ್ನು ದಾಟಿ ಸೋತರು. ಹಿಮ್ಮೆಟ್ಟುವಾಗ ರೊಸ್ಟಿಸ್ಲಾವ್ ಮುಳುಗಿದನು. ಅವನನ್ನು ಎತ್ತಲು ಹೋದ ಮೊನೊಮಾಖ್ ತಾನೂ ಮುಳುಗುವುದರಲ್ಲಿದ್ದನು ಎಂದು ಚರಿತ್ರಕಾರ ಬರೆದಿದ್ದಾನೆ.

ಪ್ರಶ್ನೆ: ಆಧುನಿಕ ಕಾಲದಲ್ಲಿ ಈ ಊರಿನಿಂದ ಹೆಸರಾದವರು ಯಾರಾದರೂ ಇದ್ದಾರೆಯೇ? ಯುದ್ಧದ ಸುದ್ದಿಯಲ್ಲಿ ಟ್ರಿಪಿಲಿಯಾ ವಿದ್ಯುತ್ ಸ್ಥಾವರದ ಹೆಸರು ಕೇಳಿದ್ದೆ.
– ಓದುಗರೊಬ್ಬರು, ಧಾರವಾಡ

ಉತ್ತರ: ದನಿಲೊ ತೆರ್ಪಿಲೊ ಎಂಬಾತ ಇಲ್ಲಿಯವನೇ, ‘ಒಟಮಾನ್ ಝೆಲೆನಿ’ (ಒಟಮಾನ್ ಎಂದರೆ ಪಡೆಯ ನಾಯಕ) ಎಂಬ ಹೆಸರಿನಿಂದ ಪ್ರಸಿದ್ಧನಾದನು. 1919ರಲ್ಲಿ ಬೊಲ್ಶೆವಿಕರ ವಿರುದ್ಧ ರೈತಪಡೆ ಕಟ್ಟಿದ ಈತನನ್ನು ಹತ್ತಿಕ್ಕಲು ಕೀವ್‌ನಿಂದ ಬಂದವರಲ್ಲಿ ಕೊಮ್ಸೊಮೊಲ್ ಎಂಬ ಕಮ್ಯುನಿಸ್ಟ್ ಯುವ ಸಂಘಟನೆಯ ತರುಣ ತರುಣಿಯರೂ ಇದ್ದರು. ಜುಲೈನಲ್ಲಿ ಅವರಲ್ಲಿ ಅನೇಕರು ಇಲ್ಲಿ ಕೊಲ್ಲಲ್ಪಟ್ಟರು. ಸೋವಿಯತ್ ಆಳ್ವಿಕೆ ಅವರನ್ನು ಹುತಾತ್ಮರೆಂದು ಸಾರಿ ದ್ನೀಪರ್ ದಂಡೆಯಲ್ಲಿ ಸ್ತಂಭ ನಿಲ್ಲಿಸಿತು, ಝೆಲೆನಿಯನ್ನು ಡಕಾಯಿತನೆಂದಿತು. ಸ್ವತಂತ್ರ ಉಕ್ರೇನಿನಲ್ಲಿ ಅವನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಗೌರವಿಸುವವರು ಹೆಚ್ಚು. ನನ್ನ ಮಟ್ಟಿಗೆ, ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಅಳಿಸಬೇಕಾಗಿಲ್ಲ.

ಸ್ಥಾವರವು ಹಳ್ಳಿಯೊಳಗಿಲ್ಲ, ಅದರ ಕೆಲಸಗಾರರಿಗಾಗಿ ಬೆಳೆದ ನೆರೆಯ ಉಕ್ರಾಯಿಂಕಾ ಪಟ್ಟಣದಲ್ಲಿದೆ. ಕೀವ್, ಚೆರ್ಕಾಸಿ, ಝಿಟೊಮಿರ್ ಪ್ರಾಂತ್ಯಗಳಿಗೆ ವಿದ್ಯುತ್ ಒದಗಿಸುತ್ತಿದ್ದ, 1,800 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರವು 2024ರ ಏಪ್ರಿಲ್ 11ರಂದು ರಷ್ಯಾದ ಕ್ಷಿಪಣಿ ದಾಳಿಯಲ್ಲಿ ನಾಶವಾಯಿತು. ನೀವು ಕೇಳಿದ ಸುದ್ದಿ ಅದೇ ಇರಬೇಕು.