ಬಿಕಿನಿಯಲ್ಲಿ ಮೀಟರ್ ಕಡಿಮೆ ತೋರಿಸಿದರೂ ಜನ ಯಾಕೆ ವಾಪಸ್ ಹೋಗಬಾರದು?

ಹಿಂದೆ ಅಮೆರಿಕ ಅಣುಬಾಂಬ್ ಪರೀಕ್ಷಿಸಿದ, ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಬಿಕಿನಿಯಲ್ಲಿ ಈಗ ಮೀಟರ್ ಹಿಡಿದರೆ ವಿಕಿರಣ ಹೆಚ್ಚೇನಿಲ್ಲವಂತೆ, ಮತ್ತೆ ಜನ ಯಾಕೆ ಅಲ್ಲಿರಬಾರದು, ಡೈವಿಂಗ್‌ಗೆ ಹೋಗಿಬರಬಹುದೇ ಎಂದು ಕೇಳಿದ್ದೀರಿ. ನಾನು ಅಲ್ಲಿಗೆ ಹೋದವನಲ್ಲ. ವಿಕಿರಣ ಸುರಕ್ಷತೆಯ ಕೆಲಸದಲ್ಲಿರುವುದರಿಂದ ಅಳತೆಯ ವಿಷಯ ಗೊತ್ತು.

ನೀವು ಕೇಳಿದ್ದು ನಿಜ, ಮೀಟರ್ ಕಡಿಮೆಯೇ ತೋರಿಸುತ್ತದೆ. ತೊಂದರೆ ಇರುವುದು ಊಟದಲ್ಲಿ. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ. ರಾಸಾಯನಿಕವಾಗಿ ಸೀಸಿಯಂ ಅದಕ್ಕೆ ಹತ್ತಿರದ ನೆಂಟ, ಹಾಗಾಗಿ ತೆಂಗಿನ ಬೇರು ಸ್ಫೋಟಗಳಿಂದ ಮಣ್ಣಿಗೆ ಬಿದ್ದ ವಿಕಿರಣಶೀಲ ಸೀಸಿಯಂ-137 ಅನ್ನೇ ಎಳೆದುಕೊಳ್ಳುತ್ತದೆ. ಅದು ಎಳನೀರಿಗೂ ಬರುತ್ತದೆ, ಕಾಯಿಗೂ ಬರುತ್ತದೆ.

1946ರಲ್ಲಿ ಅಲ್ಲಿಂದ 167 ಜನರನ್ನು ಎಬ್ಬಿಸಿದರು. 1958ರವರೆಗೆ 23 ಅಣುಬಾಂಬ್ ಸ್ಫೋಟಗಳಾದವು. ಇನ್ನು ಭಯವಿಲ್ಲ ಎಂದು 1968ರಲ್ಲಿ ಅಮೆರಿಕ ಸಾರಿತು, ಕೆಲವು ಕುಟುಂಬಗಳು ಮರಳಿದವು. ಹೊಸದಾಗಿ ನೆಟ್ಟ ತೆಂಗು ಫಲ ಕೊಡತೊಡಗಿದ ಹಾಗೆ ಅವರ ಮೈಯಲ್ಲಿ ಸೀಸಿಯಂ ಏರಿತು. 1978ರಲ್ಲಿ ಮತ್ತೆ ಖಾಲಿ ಮಾಡಿಸಿದರು. ಅಧಿಕಾರಿಗಳು ಅಂದುಕೊಂಡಿದ್ದಕ್ಕಿಂತ ಹೆಚ್ಚು ಊರಿನ ಆಹಾರ ಹೊಟ್ಟೆ ಸೇರಿತ್ತು. ತೆಂಗಿನ ನಾಡಿನಲ್ಲಿ ಜನ ತೆಂಗು ತಿನ್ನದೆ ಇನ್ನೇನು ತಿನ್ನುತ್ತಾರೆ!

ಅದಕ್ಕೇ ಪರೀಕ್ಷೆ ಮನುಷ್ಯನ ಮೈಯಲ್ಲೇ ಆಗಬೇಕು. ಪೂರ್ಣದೇಹ ಮಾಪಕ ಎಂಬ ಯಂತ್ರವಿದೆ. ಕುರ್ಚಿಯಲ್ಲಿ ಹತ್ತು-ಹದಿನೈದು ನಿಮಿಷ ಅಲ್ಲಾಡದೆ ಕೂರಬೇಕು, ಎದುರಿಗಿರುವ ಸೋಡಿಯಂ ಅಯೊಡೈಡ್ ಹರಳು ಮೈಯಿಂದ ಹೊರಡುವ ಗಾಮಾ ಕಿರಣ ಎಣಿಸುತ್ತದೆ. ತೆರೆಯ ಮೇಲಿನ ಗೆರೆಯಲ್ಲಿ, ಮೈಯಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಪೊಟ್ಯಾಸಿಯಂ-40ರ ಗುಡ್ಡ ಎಲ್ಲರಿಗೂ ಏಳುತ್ತದೆ, ನಿಮಗೂ ನನಗೂ. 662 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿಯ ಅಳತೆ) ಹತ್ತಿರ ಇನ್ನೊಂದು ಗುಡ್ಡ ಎದ್ದರೆ ಅದು ಸೀಸಿಯಂ. ವಯಸ್ಕರಲ್ಲಿ ಸುಮಾರು ಮೂರು-ನಾಲ್ಕು ತಿಂಗಳಿಗೆ ಅದು ಅರ್ಧಕ್ಕಿಳಿಯುತ್ತದೆ, ತಿನ್ನುತ್ತಲೇ ಇದ್ದರೆ ಇಳಿಯುವುದಿಲ್ಲ. ಆದ್ದರಿಂದ ಒಮ್ಮೆ ಕೂರಿಸಿ ಬಿಟ್ಟರೆ ಪ್ರಯೋಜನವಿಲ್ಲ. ಬಾಂಬಿನ ಇನ್ನೊಂದು ವಿಕಿರಣಶೀಲ ಉಳಿಕೆಯಾದ ಪ್ಲುಟೋನಿಯಂ ಈ ಕುರ್ಚಿಗೆ ಸಿಗುವುದಿಲ್ಲ, ಅದಕ್ಕೆ ಇಡೀ ದಿನದ ಮೂತ್ರ ಹಿಡಿದು ಪ್ರಯೋಗಾಲಯಕ್ಕೆ ಕಳಿಸಬೇಕು.

ಪರಿಹಾರ ಇದೆ, ಅದೂ ಅಗ್ಗದ್ದು. ನಮ್ಮ ತೋಟಗಳಿಗೆ ಹಾಕುವ ಪೊಟ್ಯಾಷ್ ಗೊಬ್ಬರ ಹಾಕಿದರೆ ಮರ ಸೀಸಿಯಂ ಹೀರುವುದು ಬಹಳ ಕುಗ್ಗುತ್ತದೆ. ಮನೆಗಳ ಸುತ್ತ ಮಾತ್ರ ಮೇಲ್ಮಣ್ಣು ಕೆರೆದು ತೆಗೆಯುವುದು. ದ್ವೀಪವನ್ನೆಲ್ಲ ಕೆರೆದರೆ ಸೀಸಿಯಂ ಜೊತೆ ಫಲವತ್ತಾದ ಮಣ್ಣೂ ಹೋಗುತ್ತದೆ, ಅದು ನನಗೆ ಸರಿ ಕಾಣುವುದಿಲ್ಲ. ಇದ್ಯಾವುದೂ ಇಲ್ಲದೆ ಬರೀ ಅಲ್ಲಿಯದನ್ನೇ ತಿಂದು ಬದುಕಿದರೆ ವರ್ಷಕ್ಕೆ ಸುಮಾರು 15 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಬರುತ್ತದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1998ರ ವರದಿಯಲ್ಲಿ ಹೇಳಿತ್ತು. ಸಹಜ ವಿಕಿರಣದ ಜಾಗತಿಕ ಸರಾಸರಿ 2.4.

ಅಳತೆ ಸರಿಯಿದ್ದರೂ ಜನ ನಂಬಬೇಕಲ್ಲ. ಪಕ್ಕದ ರೊಂಗೆಲಾಪ್ ದ್ವೀಪದವರನ್ನು 1957ರಲ್ಲಿ ಪರವಾಗಿಲ್ಲ ಎಂದು ವಾಪಸ್ ಕಳಿಸಿದ್ದರು. 1985ರಲ್ಲಿ ಅವರೇ ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ಹಡಗು ಹತ್ತಿ ಊರು ಬಿಟ್ಟರು. ಅಂಥವರಿಗೆ ಸರಾಸರಿ ಅಂಕಿ ಓದಿ ಹೇಳಿ ಏನು ಉಪಯೋಗ? ಅವರವರ ಮೈಯ ಲೆಕ್ಕ ಅವರವರ ಕೈಗೇ ಕೊಡಬೇಕು, ಯಂತ್ರ ನಡೆಸುವವರೂ ಅಲ್ಲಿಯವರೇ ಆಗಿರಬೇಕು.

ಡೈವಿಂಗ್‌ಗೆ ಧಾರಾಳವಾಗಿ ಹೋಗಿ. ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ, ಅಲ್ಲಿನ ಮೀನಿನಲ್ಲಿ ಸೀಸಿಯಂ ಕಡಿಮೆಯೇ. ತೆಂಗಿನಕಾಯಿ ಮತ್ತು ತೆಂಗು ತಿಂದು ಬೆಳೆಯುವ ಆ ದೊಡ್ಡ ಏಡಿ, ಇವೆರಡು ಬೇಡ.