ಜಕಣಾಚಾರಿ ನಿಜವಾಗಿ ಇದ್ದನೇ?

ಪ್ರಶ್ನೆ: ಮಗಳು ಹೊಯ್ಸಳರ ಕಾಲದ ಕಾದಂಬರಿಗಳನ್ನು ಬಿಡದೆ ಓದುತ್ತಾಳೆ. ಶಿಲ್ಪಿ ಜಕಣಾಚಾರಿ, ಅವನು ಕೆತ್ತಿದ ವಿಗ್ರಹದ ಕಲ್ಲಿನೊಳಗಿದ್ದ ಕಪ್ಪೆ ಎಲ್ಲವೂ ನಿಜ ಅನ್ನುತ್ತಾಳೆ. ಓದಲು ಬಿಡಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಖಂಡಿತ ಬಿಡಿ. ಆ ವಯಸ್ಸಿಗೆ ಕಥೆಯೇ ಬಾಗಿಲು ಅಲ್ವಾ? ಜಕಣಾಚಾರಿ ನಮ್ಮ ಜನ ಕಟ್ಟಿಕೊಂಡ ಕಥೆ. ಬೇಲೂರಿನ ಶಾಸನಗಳಲ್ಲಿ ಅವನ ಹೆಸರಿಲ್ಲ. ಆದರೆ ಆ ಕಪ್ಪೆಯ ಕಥೆ ಅಂಟಿಕೊಂಡಿರುವ ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು ಹೊಯ್ಸಳ ರಾಜ ವಿಷ್ಣುವರ್ಧನನ ರಾಣಿ ಶಾಂತಲೆ, ಅದು ಇತಿಹಾಸ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ.

ಮಗಳನ್ನು ಒಮ್ಮೆ ಬೇಲೂರಿಗೆ ಕರೆದುಕೊಂಡು ಹೋಗಿ. ಸುಮ್ನೆ ಫೋಟೊ ತೆಗೆದು ಬರಬೇಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಸೂರಿನ ಕೆಳಗೆ ಮದನಿಕೆಯರು ಮುಂದಕ್ಕೆ ಬಾಗಿ ನಿಂತಿದ್ದಾರೆ. ಕೆಲವರ ಕಾಲಡಿಯ ಪೀಠದಲ್ಲಿ ಕೆತ್ತಿದವರ ಹೆಸರಿದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆ, ಮಗ ಇಬ್ಬರೂ ಒಂದೇ ಗುಡಿಯಲ್ಲಿ ಉಳಿ ಹಿಡಿದವರು! ನನಗಂತೂ ಕಪ್ಪೆಯ ಕಥೆಗಿಂತ ಇದೇ ಜಾಸ್ತಿ ಇಷ್ಟ. ಅಕ್ಷರಗಳು ಎತ್ತರದಲ್ಲಿವೆ, ದುರ್ಬೀನು ಇದ್ದರೆ ಒಯ್ಯಿರಿ. ಹಳೆಯ ಲಿಪಿ ಓದಲು ಗೈಡ್ ನೆರವು ಕೇಳಿ.

ಹೊಯ್ಸಳರ ಇನ್ನೊಬ್ಬ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕಬೇಕೆಂದರೆ ಮುಂದೆ ನುಗ್ಗೇಹಳ್ಳಿಗೂ ಹೋಗಬಹುದು.