ಮಾತ್ರೆ ಬಚ್ಚಿಟ್ಟರೆ ಬಿಡುತ್ತಾಳೆಯೇ?

ಪ್ರಶ್ನೆ: ವಿದ್ಯಾನಗರದಲ್ಲಿ ನಾವು ನಾಲ್ವರು ಹುಡುಗಿಯರು ಬಾಡಿಗೆ ಮನೆ ಮಾಡಿದ್ದೇವೆ. ಒಬ್ಬಳು ನಿದ್ದೆಗೆಂದು ಆಲ್‌ಪ್ರಜೋಲಾಮ್ ನುಂಗುತ್ತಾಳೆ. ಆರು ತಿಂಗಳ ಹಿಂದೆ 0.25ರ ಒಂದು ಸಾಕಿತ್ತು, ಈಗ ರಾತ್ರಿಗೆ 0.5ರ ನಾಲ್ಕು. ಶನಿವಾರ ಜೊತೆಗೆ ಬಿಯರ್. ಮೊನ್ನೆ ಒಲೆಯ ಮೇಲೆ ಹಾಲು ಸೀದು ಕರಕಲಾಯಿತು, ತಾನು ಇಟ್ಟೇ ಇಲ್ಲ ಎಂದು ವಾದಿಸಿದಳು. ಸ್ಟ್ರಿಪ್ಪುಗಳನ್ನೆಲ್ಲ ಬಚ್ಚಿಡೋಣವೇ? ಡಾಕ್ಟರಲ್ಲಿಗೆ ಹೋದರೆ ಅವಳ ಮನೆಗೆ ಗೊತ್ತಾಗುತ್ತದೆಯೇ?
– ಹೆಸರು ಬೇಡ, ಕಾಸರಗೋಡು

ಉತ್ತರ: ಬಚ್ಚಿಡಬೇಡಿ. ದಿನಕ್ಕೆ 2 ಮಿ.ಗ್ರಾಂ.ಗೆ ಒಗ್ಗಿದ ಮಿದುಳಿಗೆ ಮದ್ದು ಒಮ್ಮೆಲೇ ತಪ್ಪಿದರೆ ಒಂದೆರಡು ದಿನದಲ್ಲೇ ಕೈನಡುಕ, ಬೆವರು, ದಿಗಿಲು ಶುರು. ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಆಲ್‌ಪ್ರಜೋಲಾಮ್‌ನ ಪ್ರಭಾವ ಬೇಗ ಇಳಿಯುವುದರಿಂದ ಎಷ್ಟೋ ಮನೋವೈದ್ಯರು ನಿಧಾನಕ್ಕೆ ಇಳಿಯುವ ಡಯಾಜೆಪಾಮ್‌ಗೆ ಬದಲಿಸಿ, 2–4 ವಾರಕ್ಕೊಮ್ಮೆ ಶೇ. 5–10ರಷ್ಟು ಕಡಿಮೆ ಮಾಡುತ್ತಾ ಬರುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಬ್ಲೇಡು ಹಿಡಿದು ಅರ್ಧ, ಕಾಲು ಮಾಡಲು ನೀವು ಹೊರಡಬೇಡಿ.

ಡಾಕ್ಟರಲ್ಲಿಗೆ ಹೋಗುವಾಗ ಖಾಲಿ ಸ್ಟ್ರಿಪ್ ಒಯ್ಯಿರಿ. ಅವಳು ನುಂಗುತ್ತಿದ್ದರೆ ಅವರು ಕೇಳದಿದ್ದರೂ ಹೇಳಬೇಕಾದ್ದು ಎರಡು: ಪಿಸಿಓಡಿಗೆ (ಅಂಡಾಶಯದ ತೊಂದರೆ) ಹಾರ್ಮೋನ್ ಮಾತ್ರೆ, ಹುಳುಕಡ್ಡಿಗೆ ಇಟ್ರಾಕೊನಜೋಲ್. ಮೊದಲನೆಯದು ಆಲ್‌ಪ್ರಜೋಲಾಮ್ ಮೈಯಿಂದ ಹೋಗುವುದನ್ನು ತುಸು ತಡೆದರೆ ಎರಡನೆಯದು ವಿಪರೀತ ತಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಹುಳುಕಡ್ಡಿ ಕಾಣದ ಹಾಸ್ಟೆಲ್ ಯಾವುದು! ಮುಟ್ಟು ತಪ್ಪಿದ್ದರೆ ಅದನ್ನೂ ಹೇಳಲಿ.

18 ತುಂಬಿದವಳಾದರೆ ಚಿಕಿತ್ಸೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಆಸ್ಪತ್ರೆಯ ಹೊಣೆ. ಮನಸ್ಸಿನ ಮಾತನ್ನು ಮಲಯಾಳದಲ್ಲಿ ಹೇಳಲು ನಾಲಗೆ ತಡವರಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಚಟ ಬಿಡಲು ನೆರವಾಗುವ ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405.

ಬಿಯರ್ ಕುಡಿದ ರಾತ್ರಿಯೇ ನಿಜವಾದ ಗಂಡಾಂತರ. ಎರಡೂ ಸೇರಿ ಉಸಿರನ್ನೇ ಕುಗ್ಗಿಸುತ್ತವೆ. ಜೋರಾಗಿ ಕರೆದು ಭುಜ ಅಲುಗಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕಡಿಮೆಯಾದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕಿಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಡಾಕ್ಟರನ್ನು ಕಾಣುವವರೆಗೆ ಅವಳೊಪ್ಪಿದರೆ ದಿನದ ಮಾತ್ರೆ ದಿನವೂ ಎಣಿಸಿ ಕೊಡಿ, ಕಡಿಮೆ ಮಾಡದೆ. ಹಾಲಿಟ್ಟದ್ದು ಮರೆತವಳು ಮಾತ್ರೆ ನುಂಗಿದ್ದನ್ನೂ ಮರೆತು ಮತ್ತೆ ನುಂಗಿಯಾಳು. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ನಿಮ್ಮಲ್ಲೊಬ್ಬರು ಬಂದ್ ಮಾಡಿ.